ಏಳು ಗಂಟೆಯ ಹೆಪ್ಪು, ಹದಿನೈದು ಗಂಟೆಯ ಹಾರಾಟ

ಬೆಳಿಗ್ಗೆ ಹತ್ತಕ್ಕೆ ಹೊರಟು ಸಂಜೆ ಐದಕ್ಕೆ ಇಳಿಯುವುದು ಎಂದು ಟಿಕೆಟ್ಟಿನಲ್ಲಿತ್ತು. ಅಂದರೆ ಏಳು ಗಂಟೆ, ಅಷ್ಟೇ ತಾನೇ ಎಂದುಕೊಂಡಳು ಅಕ್ಕ. ತೀರಿಕೊಂಡ ಅಮ್ಮ ಜೋಪಾನ ಮಾಡಿ ಬಿಟ್ಟುಹೋಗಿದ್ದ, ಬ್ರೆಡ್ಡು ಉಬ್ಬಿಸುವ, ಹೊತ್ತುಹೊತ್ತಿಗೆ ಹಿಟ್ಟು ಬೇಡುವ ಹೆಪ್ಪಿನಲ್ಲಿ ಎರಡು ಚಮಚ ಪುಟ್ಟ ಡಬ್ಬಿಗೆ ಹಾಕಿ, ಏಳು ಗಂಟೆಗೆ ಸಾಕಾಗುವಷ್ಟೇ ಮೈದಾ ಉಣಿಸಿ, ಕೈಚೀಲದಲ್ಲಿಟ್ಟುಕೊಂಡು ವಿಮಾನ ಹತ್ತಿದಳು.

ದೂರದೂರಿನಲ್ಲಿ ತಂಗಿಯ ಹೊಸ ಬೇಕರಿ ಮರುದಿನ ಮಧ್ಯಾಹ್ನ ಬಾಗಿಲು ತೆರೆಯುವುದಿತ್ತು. ಮೊದಲು ಮಾರುವುದು ಅಮ್ಮನ ಬ್ರೆಡ್ಡೇ ಎಂದು ತಂಗಿ ಬೀದಿಗೆಲ್ಲ ಸಾರಿಬಿಟ್ಟಿದ್ದಳು. ಅಂಗಡಿಗೆ ಬಣ್ಣ ಬಳಿಸುವ ಗಡಿಬಿಡಿಯಲ್ಲಿ ಮಹಾರಾಯ್ತಿ ತನ್ನ ಪಾಲಿನ ಹೆಪ್ಪಿಗೆ ಹಿಟ್ಟುಣಿಸುವುದನ್ನೇ ಮರೆತು ಕೆಡಿಸಿಕೊಂಡಿದ್ದಳು. "ಅಕ್ಕಾ, ನೀನು ಬರ್ದಿದ್ರೆ ನನ್ನ ಮಾನ ಹೋಗುತ್ತೆ ಕಣೇ" ಎಂದು ಫೋನಿನಲ್ಲಿ ಅತ್ತಿದ್ದಳು.

ಊಟದ ತಟ್ಟೆ ತೆಗೆಯಲು ಬಂದ ಗಗನಸಖಿಯನ್ನು ಅಕ್ಕ ಕೇಳಿದಳು: "ಇನ್ನೇನು ಇಳಿಯೋ ಹೊತ್ತಾಯ್ತಲ್ವಾ?"

"ಇನ್ನೂ ಹತ್ತು ಗಂಟೆ ಇದೆ ಮೇಡಂ. ಹದಿಮೂರು ಸಾವಿರ ಕಿಲೋಮೀಟರು ಅಂದ್ರೆ ಸುಮ್ನೇನಾ? ಟಿಕೆಟ್ಟಲ್ಲಿರೋ ಐದು ಗಂಟೆ ಆ ಊರಿನ ಗಡಿಯಾರದ್ದು. ಅದು ನಮಗಿಂತ ಎಂಟು ಗಂಟೆ ಹಿಂದೆ."

ಅಕ್ಕ ತಟ್ಟನೆ ಕೈಚೀಲಕ್ಕೆ ಕೈಹಾಕಿದಳು. ಹೆಪ್ಪಿಗೆ ಯಾವ ಊರಿನ ಗಡಿಯಾರವೂ ಗೊತ್ತಿಲ್ಲ, ಹಸಿವೊಂದೇ ಗೊತ್ತು. ಹಸಿದು ಹುಳಿಯೇರಿ ಸೋತರೆ ನಾಳೆಯ ಬ್ರೆಡ್ಡು ಉಬ್ಬದೆ ಇಟ್ಟಿಗೆಯಾಗುತ್ತದೆ. ಡಬ್ಬಿ ತೆರೆದರೆ ಹೆಪ್ಪು ಆಗಲೇ ಉಕ್ಕಿ ಮುಚ್ಚಳ ಮುಟ್ಟಿತ್ತು.

"ಒಂಚೂರು ಮೈದಾ ಸಿಗುತ್ತಾ?"

ಗಗನಸಖಿ ಕಣ್ಣುಕಣ್ಣು ಬಿಟ್ಟಳು. ವಿಮಾನದಲ್ಲಿ ಮೈದಾ ಎಲ್ಲಿಂದ ಬರಬೇಕು?

"ಹಾಗಾದ್ರೆ ಐಸ್ ಕೊಡಮ್ಮ. ಊಟ ಹಾಕೋಕಾಗ್ದಿದ್ರೆ ನಿದ್ದೆನಾದ್ರೂ ಮಾಡಿಸ್ತೀನಿ."

ಸೆಕೆಗಾಲದಲ್ಲಿ ಊರಿನ ತನ್ನ ಬೇಕರಿಯಲ್ಲಿ ಅವಳು ಮಾಡುತ್ತಿದ್ದುದೂ ಅದನ್ನೇ. ಮೈ ತಣ್ಣಗಾದರೆ ಹೆಪ್ಪು ಹಸಿವು ಮರೆತು ತೆಪ್ಪಗಿರುತ್ತದೆ. ಲೋಟದ ತುಂಬ ಐಸು ಬಂತು, ಕರಗಿದಾಗಲೆಲ್ಲ ಮತ್ತೆ ಬಂತು. ಪಕ್ಕದ ಸೀಟಿನವರು ಗೊರಕೆ ಹೊಡೆಯುತ್ತಿದ್ದರೆ ಅಕ್ಕ ಮರಗಟ್ಟಿದ ಬೆರಳುಗಳಲ್ಲಿ ಡಬ್ಬಿ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಕಿಟಕಿಯಾಚೆ ಸೂರ್ಯನೂ ಮುಳುಗುವ ಲಕ್ಷಣವಿರಲಿಲ್ಲ.

ನಿಲ್ದಾಣದಲ್ಲಿ ತಂಗಿ ತೋಳು ಚಾಚಿ ಓಡಿಬಂದಳು. "ಅಪ್ಕೊಳ್ಳೋದೆಲ್ಲ ಆಮೇಲೆ, ಮೊದ್ಲು ಮೈದಾ ಎಲ್ಲಿದೆ ಹೇಳು!" ಎಂದಳು ಅಕ್ಕ.

ಬೇಕರಿಗೆ ಬಂದವಳೇ ಉಣಿಸಿದಳು. ಸ್ವಲ್ಪ ಹೊತ್ತು ಹೆಪ್ಪು ಮಿಸುಕಲಿಲ್ಲ. ಆಮೇಲೆ ಒಂದು ಗುಳ್ಳೆ ಎದ್ದಿತು, ಅದರ ಹಿಂದೆಯೇ ಹತ್ತಾರು. ಅಕ್ಕ ಅಲ್ಲೇ ಹಿಟ್ಟಿನ ಮೂಟೆಯ ಮೇಲೆ ಕುಳಿತು ಜೋರಾಗಿ ಅತ್ತುಬಿಟ್ಟಳು.

ಮರುದಿನ ಒಲೆಯ ಬಾಗಿಲು ತೆರೆದಾಗ ಬ್ರೆಡ್ಡುಗಳು ಎದೆಯುಬ್ಬಿಸಿ ನಿಂತಿದ್ದವು. ತಂಗಿ ಬಿಸಿಬಿಸಿಯಾಗಿಯೇ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡಳು.

"ಅಮ್ಮನ ಕೈರುಚಿನೇ ಕಣೇ ಅಕ್ಕಾ."

"ಮತ್ತೆ? ಹೊಟ್ಟೆಗಿಲ್ದೆ ಅಷ್ಟು ದೂರ ಬಂದಿದ್ದಾಳೆ ಅಮ್ಮ" ಎಂದ ಅಕ್ಕ, ಬೀಗುತ್ತಾ ಹೋಗಿ ಅಂಗಡಿಯ ಬಾಗಿಲನ್ನು ತಾನೇ ತೆರೆದಳು.