ಭಾವನ ಮುಖದ ಆಟಗಾರ

ಅವಳ ಕಸುಬು ಹಲ್ಲು ಮಾಡುವುದು. ವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಅವಳು ನಾಲ್ಕನೆಯ ಮಹಡಿಯ ಲ್ಯಾಬಿನಲ್ಲಿ, ಕಿಟಕಿ ಪಕ್ಕದ ಮೇಜಿನ ಮುಂದೆ ಕೂತು, ಅಚ್ಚಿಗೆ ಹೊಂದುವ ಹಲ್ಲು ಕೂರಿಸಿ, ಬಣ್ಣ ಸರಿಮಾಡಿ, ಡಬ್ಬಿಗೆ ಹಾಕಿ ವಾಪಸು ಕಳಿಸುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಈ ಕಸುಬಿನಲ್ಲಿ ಹೊಗಳಿಕೆ ಎಂದರೆ ಯಾರೂ ಏನೂ ಹೇಳದಿರುವುದು. ಹಲ್ಲು ಚೆನ್ನಾಗಿ ಕೂತಿದ್ದರೆ ಅದು ಕಟ್ಟಿಸಿದ್ದೆಂದು ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಯಿತೆಂದರೆ ಕೆಲಸ ಕೆಟ್ಟಿದೆ ಎಂದೇ ಲೆಕ್ಕ.

ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಕಂಪ್ಯೂಟರಿನ ಮುಂದೆ ಕೂತರೆ ಅವಳು ಬೇರೆ. ಅಲ್ಲಿ ಅವಳ ಹೆಸರು 'ದವಡೆ'. ಇಂಟರ್ನೆಟ್ಟಿನಲ್ಲಿ ಒಂದು ಫುಟ್‌ಬಾಲ್ ಲೀಗ್ ಇತ್ತು. ಆ ಲೀಗಿನಲ್ಲಿ ಯಾರೂ ಚೆಂಡು ಮುಟ್ಟುತ್ತಿರಲಿಲ್ಲ. ಸದಸ್ಯರಾದವರು ಒಬ್ಬೊಬ್ಬರು ಒಬ್ಬೊಬ್ಬ ಆಟಗಾರನನ್ನು ಮನಸ್ಸಿನಲ್ಲೇ ಹುಟ್ಟಿಸಿ, ಹೆಸರಿಟ್ಟು, ಒಂದು ತಂಡಕ್ಕೆ ಸೇರಿಸುತ್ತಿದ್ದರು. ಪ್ರತಿದಿನ ಸಂಜೆ ಏಳಕ್ಕೆ ಒಂದು ಪ್ರೋಗ್ರಾಂ ತನ್ನಷ್ಟಕ್ಕೆ ತಾನೇ ಪಂದ್ಯ ಆಡಿಸಿ, ಯಾವ ನಿಮಿಷದಲ್ಲಿ ಏನಾಯಿತೆಂದು ಸಾಲುಸಾಲಾಗಿ ಬರೆದು ತೋರಿಸುತ್ತಿತ್ತು. ಅದನ್ನು ಓದಿ ಮುನ್ನೂರು ಜನ ಕುಣಿಯುತ್ತಿದ್ದರು, ಇಲ್ಲವೇ ತಲೆ ಚಚ್ಚಿಕೊಳ್ಳುತ್ತಿದ್ದರು.

ಅವಳಿಗೆ ಪಂದ್ಯದ ಗೊಡವೆ ಅಷ್ಟಾಗಿ ಇರಲಿಲ್ಲ. ಅವಳು ಚಿತ್ರ ಮಾಡುತ್ತಿದ್ದಳು. ಇಲ್ಲದ ಆಟಗಾರರಿಗೆ ಜರ್ಸಿ ತೊಡಿಸಿ, ಹಿಂದೆ ಮೈದಾನ, ದೀಪ, ಹೊಗೆ ಹಾಕಿ, ಕೆಳಗೆ ಹೆಸರು ಬರೆದು, ಆಟಗಾರನನ್ನು ಹುಟ್ಟಿಸಿದವರಿಗೆ ಕೊಡುತ್ತಿದ್ದಳು. ಅವರು ಅದನ್ನು ತಮ್ಮ ಮಾತಿನ ಕೆಳಗೆಲ್ಲ ಅಂಟಿಸಿಕೊಳ್ಳುತ್ತಿದ್ದರು. 'ದವಡೆ ಮಾಡಿದ್ದು' ಎಂದು ಬರೆಯುತ್ತಿದ್ದರು. ಹಲ್ಲಿನ ಕೆಲಸದಲ್ಲಿ ಹೀಗೆ ಯಾರೂ ಯಾವತ್ತೂ ಬರೆದಿರಲಿಲ್ಲ.

ಮೇಲಿನ ಮನೆಯಲ್ಲಿ ಅವಳ ಅಕ್ಕ ಮತ್ತು ಭಾವ ಇದ್ದರು. ಅಕ್ಕ ಒಂದು ದಿನ ಬಂದು, ಪರದೆ ನೋಡಿ, ಏನೆಂದು ಕೇಳಿ, ಪೂರ್ತಿ ಕೇಳಿಸಿಕೊಂಡು, "ಆಡದ ಆಟಕ್ಕೆ ಇಲ್ಲದ ಆಟಗಾರ, ಅವನಿಗೊಂದು ಫೋಟೋ. ಹುಟ್ಟದ ಕೂಸಿಗೆ ಕುಲಾವಿ ಹೊಲಿಯೋದು ಅಂತ ಕೇಳಿದ್ದೆ, ಕಣ್ಣಾರೆ ನೋಡಿದ್ದು ಇವತ್ತೇ" ಎಂದು ಹೇಳಿ, ಬಂದ ಕೆಲಸ ಮರೆತು ವಾಪಸು ಹೋದಳು.

ಮೂರು ವರ್ಷದ ಹಿಂದೆ 'ನೆಲಮಾಳಿಗೆ' ಎಂಬ ಸದಸ್ಯ ಅವಳಿಗೆ ಬರೆದಿದ್ದ. ಅವನು 'ಮೊಳೆ' ಎಂಬ ಹದಿನೆಂಟು ವರ್ಷದ ಆಟಗಾರನನ್ನು ಹುಟ್ಟಿಸಿದ್ದ. ಮುನ್ನುಗ್ಗಿ ಗೋಲು ಹೊಡೆಯುವವನು. 'ಹಿಡಿದ ಪಟ್ಟು ಬಿಡದ ಮುಖ ಬೇಕು ಗುರುವೇ' ಎಂದಿದ್ದ. ಅದೇ ವಾರ ಭಾವ ಬಚ್ಚಲಲ್ಲಿ ಜಾರಿಬಿದ್ದು ಮುಂದಿನ ಎರಡು ಹಲ್ಲು ಮುರಿದುಕೊಂಡಿದ್ದರು. ಹೊಸ ಹಲ್ಲು ಮಾಡಲೆಂದು ಅವಳು ಭಾವನ ಮುಖದ ಹದಿನಾರು ಫೋಟೋ ತೆಗೆದಿದ್ದಳು. ಎದುರಿನಿಂದ, ಎಡದಿಂದ, ಬಲದಿಂದ, ತುಟಿ ಎತ್ತಿ, ತುಟಿ ಬಿಗಿದು. ನೋವು ತಡೆದುಕೊಂಡ ಆ ಮುಖದಲ್ಲಿ ಪಟ್ಟು ಎನ್ನುವುದು ಧಾರಾಳವಾಗಿತ್ತು. ಅವಳು ಮುಖದಿಂದ ಮೂವತ್ತಾರು ವರ್ಷ ಅಳಿಸಿ, ಕೂದಲು ಬೆಳೆಸಿ, ಬಟ್ಟೆ ಅಂಗಡಿಯ ಗೊಂಬೆಯ ದೇಹಕ್ಕೆ ಕೂರಿಸಿದಳು. ಕುತ್ತಿಗೆಯ ಹತ್ತಿರ ಜೋಡಣೆ ಕಾಣಲಿಲ್ಲ. ಅಂಥ ಜೋಡಣೆ ಕಾಣದಂತೆ ಮಾಡುವುದು ಅವಳಿಗೆ ಹೊಟ್ಟೆಪಾಡೇ ಆಗಿತ್ತಲ್ಲ.

ಭಾವನಿಗೆ ಹೇಳಲಿಲ್ಲ. ಏನೆಂದು ಹೇಳುವುದು? ಭಾವ ಸರಕು ಉಗ್ರಾಣದಲ್ಲಿ ತೂಕದ ಗುಮಾಸ್ತರು. ಐವತ್ತನಾಲ್ಕು ವಯಸ್ಸು. ಬಾಗಿಲು ದಾಟುವಾಗ ಅವರಿಗಿಂತ ಒಂದು ಗಳಿಗೆ ಮುಂಚೆ ಹೊಟ್ಟೆ ದಾಟುತ್ತಿತ್ತು. ಚೆಂಡನ್ನು ಅವರು ಕೊನೆಯ ಸಲ ಒದ್ದದ್ದು ಯಾವಾಗ ಎಂದು ಅವರಿಗೂ ನೆನಪಿರಲಿಲ್ಲ. ಇತ್ತ ಮೊಳೆ ಗೋಲಿನ ಮೇಲೆ ಗೋಲು ಹೊಡೆದು ಲೀಗಿನಲ್ಲೇ ಹೆಸರುವಾಸಿಯಾದ. ಅಲ್ಲಿ ಎರಡು ತಿಂಗಳಿಗೆ ಒಂದು ಸೀಸನ್, ಸೀಸನ್ನಿಗೆ ಒಂದು ವಯಸ್ಸು. ಸೀಸನ್ ಕಳೆದಂತೆಲ್ಲ ಅವಳು ಅಳಿಸಿದ ವರ್ಷಗಳನ್ನು ಒಂದೊಂದಾಗಿ ಮುಖಕ್ಕೆ ವಾಪಸು ಕೊಡುತ್ತ ಬಂದಳು.

ಹೀಗಿರುವಾಗ ಲೀಗಿನ ಯಜಮಾನ, ಎಲ್ಲರೂ 'ಸೀಟಿ' ಎಂದು ಕರೆಯುತ್ತಿದ್ದವನು, ಒಂದು ಪ್ರಕಟಣೆ ಹಾಕಿದ. ಯಾರೋ ಒಬ್ಬ ತನ್ನ ಪಕ್ಕದ ಮನೆಯವನ ಮುಖವನ್ನು ಒಬ್ಬ ಪುಂಡ ಆಟಗಾರನಿಗೆ ಹಾಕಿದ್ದು, ಅದು ಪಕ್ಕದ ಮನೆಯವನಿಗೆ ಗೊತ್ತಾಗಿ ದೊಡ್ಡ ರಂಪವಾಗಿತ್ತು. ಇನ್ನು ಮುಂದೆ ನಿಜವಾದ ಮನುಷ್ಯರ ಮುಖ ಬಳಸಿದವರು ಒಂದು ವಾರದೊಳಗೆ ಆ ಮುಖದವರ ಸಹಿಯಿರುವ ಒಪ್ಪಿಗೆ ಕಳಿಸಬೇಕು, ಇಲ್ಲದಿದ್ದರೆ ಚಿತ್ರವೆಲ್ಲ ತೆಗೆದುಹಾಕಲಾಗುವುದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವಳು ಎದ್ದು ಹೋಗಿ ಬಾಗಿಲು ಹಾಕಿ ಬಂದು ಇನ್ನೊಮ್ಮೆ ಓದಿದಳು.

ಆರು ದಿನ ಮುಂದೂಡಿದಳು. ಏಳನೆಯ ದಿನ ಭಾವ ಪೇಪರು ಓದುತ್ತ ಕೂತಿದ್ದಾಗ ಕಂಪ್ಯೂಟರನ್ನೇ ಎತ್ತಿಕೊಂಡು ಮೇಲೆ ಹೋಗಿ, ಚಿತ್ರಗಳನ್ನು ತೋರಿಸಿ, ಇದ್ದದ್ದು ಇದ್ದಂತೆ ಹೇಳಿದಳು. ಭಾವ ಕನ್ನಡಕ ಏರಿಸಿ ನೋಡಿದರು.

"ಇದು ನಾನು" ಎಂದರು.

"ಹೂಂ ಭಾವ. ತಪ್ಪಾಯ್ತು."

"ಎಷ್ಟು ಗೋಲು ಹೊಡ್ದಿದ್ದೀನಿ?"

ಅವಳು ತಡವರಿಸಿದಳು. "ನೂರಾ ಹನ್ನೊಂದು."

ಭಾವ ಪೇಪರು ಮಡಿಸಿ ಪಕ್ಕಕ್ಕಿಟ್ಟರು. "ಎಡಗಾಲಲ್ಲೋ, ಬಲಗಾಲಲ್ಲೋ?"

"ಎರಡ್ರಲ್ಲೂ ಹೊಡೀತೀರಿ. ಎಡಗಾಲು ಸ್ವಲ್ಪ ಜೋರು."

"ನನಗೂ ಹಾಗೇ ಅನ್ಸಿತ್ತು" ಎಂದು ಭಾವ ಅವಳು ತಂದಿದ್ದ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದರು. ಹಾಕಿ, ಪೆನ್ನಿನ ಮುಚ್ಚಳ ಮುಚ್ಚುತ್ತ, "ಕುತ್ತಿಗೆ ಮಾತ್ರ ನಂದಲ್ಲ" ಎಂದರು.

ಮರುದಿನ ಏಳಕ್ಕೆ ಐದು ನಿಮಿಷ ಇರುವಾಗ ಭಾವ ಕೆಳಗಿಳಿದು ಬಂದು, ಸ್ಟೂಲು ಎಳೆದುಕೊಂಡು, ಕಂಪ್ಯೂಟರಿನ ಮುಂದೆ ಕೂತರು. ಅದರ ಮರುದಿನವೂ ಬಂದರು. ಆಮೇಲೆ ಆ ಸ್ಟೂಲು ಅಲ್ಲೇ ಉಳಿಯಿತು. ಪರದೆಯಲ್ಲಿ ಸಾಲು ಮೂಡಿದಂತೆ ಗಟ್ಟಿಯಾಗಿ ಓದುವರು. ಮೊಳೆ ಗೋಲು ಹೊಡೆದರೆ ಏನೂ ಹೇಳದೆ ಮೀಸೆ ಮುಟ್ಟಿಕೊಳ್ಳುವರು. ಹೊಡೆಯದಿದ್ದರೆ, "ಚೆಂಡು ಕೊಟ್ರೆ ತಾನೆ" ಎಂದು ಉಳಿದ ಹತ್ತು ಜನರ ಮೇಲೆ ಹಾಕುವರು. ಅವಳಿಗೆ ಚಿತ್ರ ಮಾಡಲು ಜಾಗವೂ ಇಲ್ಲ, ಹೊತ್ತೂ ಇಲ್ಲ ಎಂಬಂತಾಯಿತು.

ಮೊಳೆಗೆ ಮೂವತ್ತೈದು ತುಂಬಿ ಓಟ ಕಡಿಮೆಯಾದಾಗ ಭಾವ ಬೆಳಿಗ್ಗೆ ನಡಿಗೆ ಶುರುಮಾಡಿದರು. ಮೊದಲು ಬೀದಿಯ ಕೊನೆಯವರೆಗೆ, ಆಮೇಲೆ ನೀರಿನ ಟ್ಯಾಂಕಿನವರೆಗೆ.

"ಭಾವ, ನೀವು ನಡೆದ್ರೆ ಅವನಿಗೆ ಏನೂ ಆಗಲ್ಲ. ಅದು ಬರೀ ಪ್ರೋಗ್ರಾಂ" ಎಂದಳು ಅವಳು.

"ಗೊತ್ತು ಕಣಮ್ಮ. ನಾನೇನು ದಡ್ಡನಾ?" ಎಂದು ಭಾವ ಬೂಟಿನ ದಾರ ಬಿಗಿದುಕೊಂಡು ಹೊರಟರು.

ಅಕ್ಕ ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಮೆಲ್ಲಗೆ ಹೇಳಿದಳು. "ಡಾಕ್ಟ್ರು ಹನ್ನೆರಡು ವರ್ಷದಿಂದ ಬಡ್ಕೊಂಡ್ರೂ ಎದ್ದಿರ್ಲಿಲ್ಲ ಈ ಮನುಷ್ಯ. ನೀನು ಬಾಯಿ ಮುಚ್ಕೊಂಡಿರು."

ಅವಳು ಬಾಯಿ ಮುಚ್ಚಿಕೊಂಡಳು.

ಮೊಳೆಗೆ ಮೂವತ್ತೇಳಾದ ಸೀಸನ್ನಿನಲ್ಲಿ, ಒಂದು ಗುರುವಾರ, ನೆಲಮಾಳಿಗೆಯಿಂದ ಸಂದೇಶ ಬಂತು. ಅವನು ಲಿಫ್ಟ್ ರಿಪೇರಿಯವನು. ಈ ಊರಿನ ಒಂದು ಆಸ್ಪತ್ರೆಯ ಲಿಫ್ಟಿನ ಕೆಲಸಕ್ಕೆ ಮೂರು ದಿನ ಬಂದಿದ್ದ. 'ಭಾನುವಾರ ಬಂದು ನೋಡಲೇ ಗುರುವೇ?' ಎಂದು ಕೇಳಿದ್ದ. ಬನ್ನಿ ಎಂದು ವಿಳಾಸ ಕೊಟ್ಟಳು. ಭಾವನ ವಿಷಯ ಬರೆಯಲು ಹೋಗಿ ಅಳಿಸಿದಳು.

ಭಾನುವಾರ ಗಂಟೆ ಬಾರಿಸಿದಾಗ ಅವಳ ಕೈತುಂಬ ಸೋಪಿನ ನೊರೆ. ಅವಳು ಬರುವಷ್ಟರಲ್ಲಿ, ಮೆಟ್ಟಿಲು ತೊಳೆಯಲು ಬಕೆಟ್ ಹಿಡಿದು ಇಳಿದಿದ್ದ ಭಾವ ಬಾಗಿಲು ತೆಗೆದಿದ್ದರು. ಹೊರಗೆ ನಲವತ್ತರ ಆಸುಪಾಸಿನ, ಬೆರಳ ಸಂದಿಯಲ್ಲಿ ಗ್ರೀಸು ಉಳಿದ ಒಬ್ಬ ಸಣಕಲ ನಿಂತಿದ್ದ. ಅವನ ಬಾಯಿ ಅರ್ಧ ತೆರೆದಿತ್ತು. ಮೂರು ವರ್ಷ ತಾನು ಸಾಕಿದ ಆಟಗಾರ ಬನಿಯನ್ನು ತೊಟ್ಟು, ಪ್ಯಾಂಟು ಮಂಡಿಗೆ ಮಡಿಸಿ, ಬಕೆಟ್ ಹಿಡಿದು ಎದುರಿಗೆ ನಿಂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕಡೆಗೆ ಲಿಫ್ಟಿನವನಿಗೆ ಬುಧವಾರದ ಪಂದ್ಯ ನೆನಪಾಗಿರಬೇಕು. ಅದರಲ್ಲಿ ಮೊಳೆಗೆ ಪೆಟ್ಟಾಗಿತ್ತು.

"ಮಂಡಿ ಹೇಗಿದೆ ಈಗ?" ಎಂದ.

"ಪರವಾಗಿಲ್ಲ" ಎಂದರು ಭಾವ. "ಶನಿವಾರದ ಹೊತ್ತಿಗೆ ಸರಿಹೋಗುತ್ತೆ. ಒಳಗ್ಬನ್ನಿ."

ಒಳಗೆ ಬಂದವನು ಸುತ್ತ ನೋಡಿ, "ದವಡೆಯವರು ಇದಾರಾ?" ಎಂದ.

"ನಾನೇ" ಎಂದಳು ಅವಳು, ಕೈ ಒರೆಸಿಕೊಳ್ಳುತ್ತ.

"ಓ." ಎಂದ ಅವನು. "ನಾನು ಗಂಡಸ್ರು ಅನ್ಕೊಂಡಿದ್ದೆ ಗುರುವೇ." ಆಮೇಲೂ ಅವನು ಗುರುವೇ ಎಂದೇ ಕರೆದ. ಅವಳಿಗೆ ಅದು ಹಿತವಾಗಿಯೇ ಇತ್ತು.

ಚಹಾ ಆಯಿತು. ಅಕ್ಕ ಬಂದು ನೋಡಿ, ಹುಟ್ಟದ ಕೂಸಿನ ಅಪ್ಪ ಇವನೇ ಎಂದು ತಿಳಿದು, ಇನ್ನೊಂದು ಲೋಟ ಚಹಾ ಕೊಟ್ಟಳು. ಲಿಫ್ಟಿನವನು ಲೋಟ ಕೆಳಗಿಟ್ಟು, ಭಾವನ ಕಡೆ ನೋಡದೆ ಹೇಳಿದ. "ಈ ಸೀಸನ್ನಿಗೆ ಮೊಳೆ ನಿವೃತ್ತಿ. ಶನಿವಾರದ್ದೇ ಕೊನೇ ಪಂದ್ಯ. ಇನ್ನು ಓಡಿಸೋಕಾಗಲ್ಲ. ಹೊಸಬ ಒಬ್ಬ ಗೋಲ್‌ಕೀಪರನ್ನ ಮಾಡ್ಬೇಕು ಅಂತಿದ್ದೀನಿ."

ಭಾವ ಗೋಡೆಯ ಕಡೆ ತಿರುಗಿ, "ನನ್ನನ್ನ ಒಂದ್ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?" ಎಂದರು.

"ನೀವು ಇದ್ದೀರ ಅಂತ ನಂಗೆ ಗೊತ್ತಿರ್ಲಿಲ್ಲ ಸಾರ್."

ಹೊರಡುವಾಗ ಲಿಫ್ಟಿನವನು ಬಾಗಿಲಲ್ಲಿ ನಿಂತು ಭಾವನ ಕೈ ಹಿಡಿದುಕೊಂಡ. "ನನ್ನ ಕೆಲಸ ಗೊತ್ತಲ್ಲ ಸಾರ್, ದಿನವೆಲ್ಲ ಲಿಫ್ಟಿನ ಕೆಳಗಿನ ಗುಂಡೀಲಿ ಒಬ್ನೇ ಇರ್ತೀನಿ. ಏಳು ಗಂಟೆಗೆ ನೀವು ಗೋಲು ಹೊಡೀತಿದ್ರಿ. ತುಂಬಾ ಉಪಕಾರ ಆಯ್ತು." ಭಾವ ಹೂಂ ಎಂದರು. ಅವನು ಬೀದಿಯ ತಿರುವು ದಾಟುವವರೆಗೆ ನಿಂತು ನೋಡಿ, ಆಮೇಲೆ ಮೆಟ್ಟಿಲು ತೊಳೆದರು.

ಶನಿವಾರ ಏಳಕ್ಕೆ ಅಕ್ಕನೂ ಬಂದು ಮಂಚದ ತುದಿಯಲ್ಲಿ ಕೂತಳು. ಮೊಳೆಯನ್ನು ಎಂಬತ್ತನೆಯ ನಿಮಿಷದವರೆಗೆ ಮೈದಾನಕ್ಕೆ ಇಳಿಸಲೇ ಇಲ್ಲ. ಇಳಿಸಿದ ಮೇಲೆ, ಎಂಬತ್ತೊಂಬತ್ತನೆಯ ನಿಮಿಷಕ್ಕೆ, ಒಂದು ಪೆನಾಲ್ಟಿ ಸಿಕ್ಕಿತು. ಪಂದ್ಯ ಸಮಸಮ. ಹೊಡೆಯುವವನು ಮೊಳೆ ಎಂದು ಪರದೆಯಲ್ಲಿ ಬಂತು. ಭಾವ ಎದ್ದು ನಿಂತರು. ಮುಂದಿನ ಸಾಲು ಮೂಡಿತು. 'ಮೊಳೆ ಹೊಡೆದ ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು.'

ಅಕ್ಕ ಗಂಡನ ಬೆನ್ನು ನೋಡುತ್ತಿದ್ದಳು.

"ಗಾಳಿ ಇತ್ತು" ಎಂದರು ಭಾವ.

"ಇತ್ತು ರೀ" ಎಂದಳು ಅಕ್ಕ. "ನಾನೂ ನೋಡ್ದೆ."

ನಿವೃತ್ತಿಯಾದ ಆಟಗಾರರಿಗೆ ಬೀಳ್ಕೊಡುಗೆಯ ಚಿತ್ರ ಮಾಡುವುದು ಲೀಗಿನ ಪದ್ಧತಿ. ಆ ಸೀಸನ್ನಿನ ಚಿತ್ರಗಳಿಗೆ ಎಲ್ಲರೂ ಮತ ಹಾಕುತ್ತಿದ್ದರು. ಅವಳು ಎರಡು ಸಂಜೆ ಗೊಂಬೆಯ ದೇಹ ಇಟ್ಟುಕೊಂಡು ಒದ್ದಾಡಿದಳು. ಯಾವುದೂ ಕೂರಲಿಲ್ಲ. ಮೂರನೆಯ ದಿನ ಭಾವನಿಗೆ ಅವರದೇ ಹಳದಿ ಅಂಗಿ ತೊಡಿಸಿ, ಮಹಡಿಯ ಮೇಲೆ ಬಿಸಿಲಿಗೆ ನಿಲ್ಲಿಸಿ, ಫೋಟೋ ತೆಗೆಯಲು ಶುರುಮಾಡಿದಳು. ಭಾವ ಹೊಟ್ಟೆ ಒಳಗೆಳೆದುಕೊಂಡು, ಎದೆಯುಬ್ಬಿಸಿ, ದೂರದ ನೀರಿನ ಟ್ಯಾಂಕನ್ನು ದಿಟ್ಟಿಸಿ ನಿಂತರು. ಅವಳು ಇಪ್ಪತ್ತು ಫೋಟೋ ತೆಗೆದಳು. ಮುಗೀತು ಎಂದಳು. ಭಾವ ಉಸಿರು ಬಿಟ್ಟರು. ಹೊಟ್ಟೆ ಇಳಿಯಿತು, ಭುಜ ಇಳಿಯಿತು, ಅವರು ಅಂಗೈಯಿಂದ ಹಣೆ ಒರೆಸಿಕೊಂಡು ಪಕ್ಕಕ್ಕೆ ತಿರುಗಿದರು. ಅವಳು ಇಪ್ಪತ್ತೊಂದನೆಯದು ತೆಗೆದಳು.

ಅದನ್ನೇ ಇಟ್ಟುಕೊಂಡಳು. ಕಿವಿಯ ಹತ್ತಿರದ ನರೆ, ಹೊಟ್ಟೆ, ಸಣ್ಣ ಕಾಲು, ಯಾವುದನ್ನೂ ಮುಟ್ಟಲಿಲ್ಲ. ಅಂಗಿಗೆ ಒಂಬತ್ತು ಎಂದು ನಂಬರು ಬರೆದು, ಸುತ್ತ ಖಾಲಿಯಾಗುತ್ತಿರುವ ಮೈದಾನ ಹಾಕಿದಳು, ಅಷ್ಟೇ. ಭಾವನಿಗೆ ತೋರಿಸಿದಳು.

"ಉಸಿರು ಬಿಟ್ಟಾಗ ತೆಗೆದ್ಯಾ?"

"ಹೂಂ ಭಾವ. ಬೇಡ ಅಂದ್ರೆ ಬೇರೆ ಮಾಡ್ತೀನಿ."

ಭಾವ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು. "ಇರ್ಲಿ. ಆಡಿ ಮುಗಿಸಿದ ಮೇಲೆ ಯಾರಾದ್ರೂ ಬಿಡ್ಲೇಬೇಕಲ್ಲ."

ಚಿತ್ರಕ್ಕೆ ನಾಲ್ಕನೆಯ ಸ್ಥಾನ ಬಂತು. ಬಾಯಿಂದ ಬೆಂಕಿ ಉಗುಳುವ ಕರಡಿಗೆ ಜರ್ಸಿ ತೊಡಿಸಿದ ಚಿತ್ರಕ್ಕೆ ಮೊದಲನೆಯದು. ಕರಡಿ ಯಾವ ತಂಡದಲ್ಲಿ ಎಷ್ಟು ಗೋಲು ಹೊಡೆದಿದೆ ಎಂದು ವಿಚಾರಿಸಿ ಭಾವ ಸೀಟಿಗೆ ಎರಡು ಪುಟದ ಪತ್ರ ಬರೆದರು. ಸೀಟಿ ಒಂದೇ ಸಾಲಿನಲ್ಲಿ ಉತ್ತರಿಸಿದ. 'ತಮ್ಮ ಸೇವೆಗೆ ಲೀಗ್ ಋಣಿ.' ಭಾವ ಅದನ್ನು ಎರಡು ಸಲ ಓದಿ ಸುಮ್ಮನಾದರು. ಚಿತ್ರದ ಕೆಳಗೆ ಲಿಫ್ಟಿನವನು ಏನೂ ಬರೆದಿರಲಿಲ್ಲ. ಅದರ ಬದಲು ಒಂದು ಫೋಟೋ ಕಳಿಸಿದ್ದ. ಅವನ ಸಾಮಾನಿನ ಕೋಣೆಯ ಗೋಡೆಯಲ್ಲಿ, ಸ್ಪ್ಯಾನರುಗಳ ಪಕ್ಕ, ಅವಳ ಚಿತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದ.

ಅದನ್ನು ನೋಡಿ ಭಾವ ತಾವೂ ಒಂದು ಪ್ರತಿ ಮಾಡಿಸಿಕೊಂಡು ಹೋದರು. ಎಲ್ಲಿಗೆಂದು ಹೇಳಲಿಲ್ಲ. ತಿಂಗಳಾದ ಮೇಲೆ, ಲ್ಯಾಬಿಗೆ ರಜೆಯಿದ್ದ ದಿನ, ಅಕ್ಕ ಯಾವುದೋ ಬೀಗದ ಕೈ ಕೊಟ್ಟು ಉಗ್ರಾಣಕ್ಕೆ ಕಳಿಸಿದಾಗ ಅವಳಿಗೆ ಗೊತ್ತಾಯಿತು. ಚಿತ್ರ ತಕ್ಕಡಿಯ ಮೇಲಿನ ಗೋಡೆಯಲ್ಲಿತ್ತು. ಹೊಸದಾಗಿ ಬಂದ ಒಬ್ಬ ಲಾರಿ ಡ್ರೈವರು ಅದನ್ನು ನೋಡುತ್ತ ನಿಂತಿದ್ದ. ಚಿತ್ರ ನೋಡಿದ, ಭಾವನನ್ನು ನೋಡಿದ, ಮತ್ತೆ ಚಿತ್ರ ನೋಡಿದ.

"ನೀವು ಆಡ್ತೀರಾ ಸಾರ್?"

ಭಾವನ ಕಣ್ಣು ತಕ್ಕಡಿಯ ಮುಳ್ಳಿನ ಮೇಲಿತ್ತು.

"ಇಲ್ಲಪ್ಪ, ಈಗ ಬಿಟ್ಟಿದ್ದೀನಿ" ಎಂದರು. "ಮುಂದಿನ ಮೂಟೆ ಇಡು."