ಭಾನುವಾರದ ಗೋಡೆ

ತಿಪ್ಪೇಸ್ವಾಮಿ ಬಿದಿರಿನ ಗಳವನ್ನು ಮತ್ತೊಮ್ಮೆ ಅಳೆದು, ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಗುರುತು ಹಾಕಿದ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ಮೂಕಪ್ಪ ಇನ್ನೊಂದು ಗಳಕ್ಕೆ ಉಪ್ಪುಕಾಗದ ಹಾಕಿ ತಿಕ್ಕುತ್ತಲೇ ಇದ್ದ.

"ಇನ್ನ ಎಷ್ಟು ತಿಕ್ತೀಯೋ? ಹೊತ್ತಾತು."

"ಹೊರೋರ ಹೆಗಲಿಗೆ ಸಿಬಿರು ಚುಚ್ಚಬಾರದಲ್ಲ. ಹನುಮೇಶನ ಕೈಯಾಗಿಂದ ಸಿಬಿರಿರೋ ಸ್ಟೂಲೊಂದು ಯಾವತ್ತಾರ ಹೊರಗ ಹೋಗೇತೇನು?"

ತಿಪ್ಪೇಸ್ವಾಮಿ ಮುಂದಿನ ಗಳ ಎಳೆದುಕೊಂಡ. ಅವನು ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿ ನಿವೃತ್ತನಾದವನು. ಮೂಕಪ್ಪನದು ಬಸ್ ಸ್ಟ್ಯಾಂಡಿನ ಬಳಿ ಟೀ ಅಂಗಡಿ. ಹೆಸರಷ್ಟೇ ಮೂಕಪ್ಪ, ಬಾಯಿ ಮುಚ್ಚಿದ್ದನ್ನು ರಾಯದುರ್ಗದಲ್ಲಿ ಯಾರೂ ಕಂಡಿಲ್ಲ. ಅಂದು ಭಾನುವಾರ. ಅವರು ಹೇಗೂ ಈ ಹಿತ್ತಲಿಗೆ ಬರುವ ದಿನ.

ನಡುಮನೆಯಲ್ಲಿ ಗಂಡ ಹನುಮೇಶನ ತಲೆಯ ಕಡೆ ಕೂತಿದ್ದ ಹೇಮಶ್ರೀಗೆ ಇದೆಲ್ಲ ಹಿಂದಿನ ಕೋಣೆಯ ಕಿಟಕಿಯಿಂದ ಕೇಳುತ್ತಿತ್ತು. ಆ ಕಿಟಕಿಯ ಬಾಗಿಲಿನ ಒಂದು ರೆಕ್ಕೆ ಮುಚ್ಚುತ್ತಿರಲಿಲ್ಲ.

"ಅಳವ್ವ, ಒಂದು ಸಲಿ ಅತ್ತು ಬಿಡು," ಎಂದಳು ಪಕ್ಕದ ಮನೆಯ ಎರ್ರಮ್ಮ. ಅಳು ಬರದಿದ್ದುದನ್ನು ನೋಡಿ ತೆಲುಗಿಗೆ ಹೊರಳಿದಳು. "ಏಡು ತಲ್ಲೀ, ಏಡು." ಬೆಳಿಗ್ಗೆ ಹೇಮಶ್ರೀಯ ಕೈತುಂಬ ಹಸಿರು ಬಳೆ ತೊಡಿಸಿದವಳೂ ಅವಳೇ. ಮೂರನೆಯ ದಿನ ತೆಗೆಸುವವಳೂ ಅವಳೇ.

ಹೇಮಶ್ರೀಯ ಕಿವಿ ಹಿತ್ತಲಿನಲ್ಲಿತ್ತು. ಅಲ್ಲಿ ಹೊಸ ದನಿಯೊಂದು ಸೇರಿಕೊಂಡಿತ್ತು. ಹನುಮೇಶನ ಅಣ್ಣ ಗೋಪಾಲಪ್ಪ, ಮಡಕಶಿರಾ ಕಡೆಯ ರತ್ನಗಿರಿಯಿಂದ ಬಾಡಿಗೆ ಜೀಪಿನಲ್ಲಿ ಬಂದವನು.

"ಏನ್ರಪ್ಪ ಇದು? ಚಟ್ಟ ಕಟ್ತಾ ಇದೀರೋ, ಮಂಚ ಮಾಡ್ತಾ ಇದೀರೋ?"

"ಯಾಕ್ರಿ ಅಣ್ಣಾರ, ಏನಾತ್ರಿ?" ಎಂದ ಮೂಕಪ್ಪ.

"ಸ್ಕ್ರೂ ಹೊಡ್ದಿದೀರಲ್ರಪ್ಪ! ಚಟ್ಟಕ್ಕೆ ಯಾರಾದ್ರೂ ಕಬ್ಬಿಣ ತಾಕಿಸ್ತಾರಾ? ಹಗ್ಗದಲ್ಲಿ ಕಟ್ಬೇಕು. ಅಲ್ಲಿಗೋದ್ಮೇಲೆ ಬಿಚ್ಚಿ ಬಿಸಾಕೋದು ತಾನೆ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಎರಡು ಗಳ ಕೂಡಿದಲ್ಲೆಲ್ಲ ಸ್ಕ್ರೂ ಕೂತಿತ್ತು, ತಲೆ ಬಿದಿರಿನ ಮಟ್ಟಕ್ಕೆ ಸಮವಾಗಿ. ಹಾಗೆ ಮಾಡಬೇಕೆಂದು ಅವರು ಯೋಚಿಸಿರಲಿಲ್ಲ. ಕೈ ತಾನಾಗಿ ಮಾಡಿತ್ತು.

"ಅಳ್ಳಾಡಬಾರದು ಅಂತ್ರಿ..." ಎಂದ ತಿಪ್ಪೇಸ್ವಾಮಿ.

"ಅಳ್ಳಾಡಿದ್ರೆ ಅವ್ನೇನು ಎದ್ದು ಕೇಳ್ತಾನಾ?" ಎಂದು ಬಿಟ್ಟ ಗೋಪಾಲಪ್ಪ, ಅಂದ ಮೇಲೆ ತಾನೇ ತಡೆಯಲಾರದೆ ಟವೆಲಿನಿಂದ ಮುಖ ಮುಚ್ಚಿಕೊಂಡ.

ಸ್ಕ್ರೂ ಹಾಕಿದ್ದು ಡ್ರಿಲ್ ಮಷಿನ್ನಿನಲ್ಲಿ. ಬಿಚ್ಚೋಣವೆಂದರೆ ಈಗ ಕರೆಂಟಿರಲಿಲ್ಲ.

"ಜೀವಮಾನೆಲ್ಲ ಕಂಬ ಹತ್ತಿದಿ. ಇವತ್ತೊಂದು ತಾಸು ಕರೆಂಟ್ ಕೊಡ್ರಪ್ಪ ಅಂತ ಒಂದು ಫೋನ್ ಮಾಡಾಕ ಬರದೇನು ನಿನಗ?"

"ರಿಟೈರಾದ ಲೈನ್‌ಮನ್ನಂದು ಯಾರು ಫೋನ್ ಎತ್ತತಾರೋ? ಹೋಗು, ಶೆಡ್ಡಿನ ಗೋಡಿಗೆ ದೊಡ್ಡ ಸ್ಕ್ರೂಡ್ರೈವರ್ ಇರತೈತಿ, ತಗಂಬಾ."

ಮೂಕಪ್ಪ ತಗಡಿನ ಶೆಡ್ಡಿನೊಳಕ್ಕೆ ಹೋದ. ಹೊರಗೆ ಬಂದಾಗ ಕೈಯಲ್ಲಿ ಏನೂ ಇರಲಿಲ್ಲ. ದನಿಯೂ ಇಳಿದಿತ್ತು.

"ಅದರ ಜಾಗದಾಗ ಹನುಮೇಶನ ವಾಚ್ ಐತಲೇ."

ಗೋಪಾಲಪ್ಪ ತಟ್ಟನೆ ತಲೆಯೆತ್ತಿದ. ತಮ್ಮನಿಗೆ ಜೀನ್ಸ್ ಯೂನಿಟ್ಟಿನಲ್ಲಿ ಸೂಪರ್‌ವೈಸರ್ ಕೆಲಸ ಸಿಕ್ಕಾಗ ಅವನೇ ಕೊಡಿಸಿದ ವಾಚು ಅದು. ಬಂದಾಗಿನಿಂದ ಹುಡುಕುತ್ತಿದ್ದ, ಆಸ್ಪತ್ರೆಯಲ್ಲಿ ಯಾರೋ ಬಿಚ್ಚಿಕೊಂಡಿದ್ದಾರೆ ಎಂದು ಕೂಗಾಡಿಯೂ ಆಗಿತ್ತು. ನೇರ ಶೆಡ್ಡಿನ ಬಾಗಿಲಿಗೆ ಹೋದ. ಮೂಕಪ್ಪ ಅಡ್ಡ ನಿಂತ.

"ಈಗ ಮುಟ್ಟಬ್ಯಾಡ್ರಿ ಅಣ್ಣಾರ. ಸಾಮಾನು ವಾಪಸ್ ಬರೋತನಕ ಅದನ್ನ ತಗಿಯಂಗಿಲ್ರಿ. ಅವಂದೇ ಕಾನೂನು."

"ಸತ್ತೋನ್ಗೂ ಕಾನೂನಾ?"

"ಅವನ ಕಾನೂನು ಅವನೇ ಮುರೀಲಿಲ್ಲಲ್ರಿ, ನಾವು ಹೆಂಗ ಮುರಿಯೋದು?"

ಆಮೇಲೆ ಮೂಕಪ್ಪನ ಮುಖ ಕಿಟಕಿಯಲ್ಲಿ ಕಂಡಿತು. "ತಂಗೆಮ್ಮ, ದೊಡ್ಡ ಸ್ಕ್ರೂಡ್ರೈವರ್ ಮನ್ಯಾಗ ಎಲ್ಲೆರ ಐತೇನಮ್ಮ?"

"ಗೊತ್ತಿಲ್ರಿ," ಎಂದಳು ಹೇಮಶ್ರೀ.

ಅದು ಅವಳ ಪುಸ್ತಕಗಳ ಹಿಂದಿತ್ತು. ಬೆಳಗಿನ ಜಾವ ಕಿಟಕಿಯ ಕಟ್ಟೆಯಿಂದೆತ್ತಿ ಅಲ್ಲಿಟ್ಟವಳು ಅವಳೇ.

ಕೊನೆಗೆ ಅಡಿಗೆಮನೆಯ ಚಾಕುವಿನ ತುದಿಯಿಂದ ಒಂದೊಂದೇ ಸ್ಕ್ರೂ ಬಿಚ್ಚಿದರು. ಗೋಪಾಲಪ್ಪ ಹಗ್ಗ ಹಿಡಿದ. ಮೂಕಪ್ಪ ಬಿಗಿದ. ಉಪ್ಪುಕಾಗದ ತಿಕ್ಕಿದ ಗಳಗಳು ಮಾತ್ರ ಹಾಗೇ ನುಣ್ಣಗೆ ಹೊಳೆಯುತ್ತಿದ್ದವು.

*

ಶೆಡ್ಡಿನ ಆ ಗೋಡೆಯನ್ನು ಹೇಮಶ್ರೀ ಬಾಗಿಲಲ್ಲಿ ನಿಂತು ನೋಡಿದ್ದಳೇ ಹೊರತು ಒಳಗೆ ಕಾಲಿಟ್ಟಿರಲಿಲ್ಲ. ಸುಣ್ಣ ಬಳಿದ ಗೋಡೆ. ಅದರ ಮೇಲೆ ಗರಗಸ, ಉಳಿ, ಸುತ್ತಿಗೆ, ಇಕ್ಕಳ, ಒಂದೊಂದರ ಆಕಾರವನ್ನೂ ನೀಲಿ ಬಣ್ಣದಲ್ಲಿ ಬರೆದು, ಮೇಲೊಂದು ಮೊಳೆ. ನೋಡಿದರೆ ಸಾಕು, ಯಾವುದು ಇದೆ, ಯಾವುದು ಹೋಗಿದೆ ತಿಳಿಯುತ್ತಿತ್ತು.

ವಾರವೆಲ್ಲ ಯೂನಿಟ್ಟಿನಲ್ಲಿ ಹೊಲಿಗೆ ತಪ್ಪಿದ ಪ್ಯಾಂಟುಗಳನ್ನು ಆರಿಸಿ ಬದಿಗಿಡುವ ಮನುಷ್ಯ ಭಾನುವಾರ ಬಂತೆಂದರೆ ಬೇರೆಯಾಗುತ್ತಿದ್ದ. ಹಳೆ ಜೀನ್ಸಿನ ಏಪ್ರನ್ ಕಟ್ಟಿ ನಿಂತರೆ ಮಧ್ಯಾಹ್ನದ ಊಟದ ನೆನಪಿರುತ್ತಿರಲಿಲ್ಲ. ಮುರಿದ ತೊಟ್ಟಿಲು ಪುಸ್ತಕದ ಕಪಾಟಾಗುತ್ತಿತ್ತು. ಯಾರದೋ ಮನೆಯ ಸೋರುವ ನಲ್ಲಿ, ಅಲ್ಲಾಡುವ ಕುರ್ಚಿ, ಕೂಗುವ ಫ್ಯಾನು. ಕೂಲಿ ಇಲ್ಲ, ಅಂಗಡಿ ಇಲ್ಲ. ಕಣೇಕಲ್ಲಿನ ತೆಲುಗು ಮೇಷ್ಟ್ರು ಸಣ್ಣಬಸಪ್ಪ ಒಂದು ಸ್ಟೂಲು ಮಾಡಲು ಬಸ್ಸು ಹತ್ತಿ ಬರುತ್ತಿದ್ದ. ಆ ಸ್ಟೂಲು ಇನ್ನೂ ಮುಗಿದಿಲ್ಲ.

ಸಾಮಾನು ಯಾರು ಬೇಕಾದರೂ ಒಯ್ಯಬಹುದಿತ್ತು. ಬರೆದಿಡುವುದಿಲ್ಲ. ಆದರೆ ಒಯ್ದ ಜಾಗದಲ್ಲಿ ತನ್ನದೊಂದು ವಸ್ತು ತೂಗಿಹಾಕಬೇಕು, ಅದೂ ದಿನಾ ಬೇಕಾಗುವಂಥದ್ದು. ಮೂಕಪ್ಪ ಒಮ್ಮೆ ಸುತ್ತಿಗೆ ಒಯ್ದು ಟೀ ಸೋಸುವ ಜಾಲರಿ ಬಿಟ್ಟುಹೋಗಿದ್ದ. ಅಂದು ಬಸ್ ಸ್ಟ್ಯಾಂಡಿನವರೆಲ್ಲ ಬಟ್ಟೆಯಲ್ಲಿ ಸೋಸಿದ ಟೀ ಕುಡಿದು ಅವನ ವಂಶವನ್ನೆಲ್ಲ ನೆನೆದಿದ್ದರು. ಸಂಜೆಯೊಳಗೆ ಸುತ್ತಿಗೆ ವಾಪಸ್ ಬಂದಿತ್ತು.

ಯಾರು ಯಾವ ಹೊತ್ತಿನಲ್ಲಿ ತಮ್ಮ ವಸ್ತುವಿಗೆ ಓಡಿಬರುತ್ತಾರೋ ಹೇಳಲಾಗದು. ಅದಕ್ಕೇ ಇನ್ನೊಂದು ಮಾತು: ಎಲ್ಲ ಸಾಮಾನು ವಾಪಸ್ ಬಂದು ಗೋಡೆ ತುಂಬುವ ತನಕ ಶೆಡ್ಡಿಗೆ ಬೀಗವಿಲ್ಲ. ಯಾರದಾದರೊಂದು ವಸ್ತು ಸದಾ ತೂಗುತ್ತಲೇ ಇತ್ತು. ಬೀಗ ಹಾಕಿದ್ದನ್ನು ಹೇಮಶ್ರೀ ನೋಡಿಯೇ ಇರಲಿಲ್ಲ.

*

ಹೆಣದ ಮುಂದೆ ಬಡಿಯುವ ಹಲಗೆಯ ಸದ್ದು ಬೆಟ್ಟದ ಕಡೆ ಸಾಗಿ ಸಣ್ಣದಾಯಿತು. ಹೆಂಗಸರು ಹೇಮಶ್ರೀಯ ತಲೆಗೆ ನೀರು ಹಾಕಿದರು. ಮನೆ ತೊಳೆದರು. ದೀಪವಿಟ್ಟರು. ಗಂಡಸರು ಮಣ್ಣು ಮುಗಿಸಿ ಬಂದು, ಮಿಂದು, ದೀಪ ನೋಡಿ, ಹೊರಗೆ ಪೆಂಡಾಲಿನ ಕೆಳಗೆ ಕೂತರು.

ಸ್ವಲ್ಪ ಹೊತ್ತಿನಲ್ಲೇ ಹಿತ್ತಲಿನಲ್ಲಿ ಕಬ್ಬಿಣದ ಸದ್ದು ಕೇಳಿತು.

ಹೇಮಶ್ರೀ ಕಿಟಕಿಯಿಂದ ನೋಡಿದಳು, ಶೆಡ್ಡಿನ ಬಾಗಿಲು ತೆರೆದಿತ್ತು. ಸಣ್ಣಬಸಪ್ಪ ಮೇಷ್ಟ್ರು ಪೇಪರಿನಲ್ಲಿ ಸುತ್ತಿ ತಂದಿದ್ದ ಗರಗಸವನ್ನು ಬಿಚ್ಚುತ್ತಿದ್ದ. ಕಣೇಕಲ್ಲಿನಿಂದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಸಾವಿಗೆ ಬಂದಿದ್ದ. ಅದನ್ನು ಮೊಳೆಗೆ ಹಾಕಿ, ಅಲ್ಲಿದ್ದ ತನ್ನ ಛತ್ರಿ ಇಳಿಸಿಕೊಂಡ. ತಿಪ್ಪೇಸ್ವಾಮಿ ಇಕ್ಕಳ ಹಾಕಿ ಬೆಲ್ಟು ತೆಗೆದುಕೊಂಡ. ಮೂಕಪ್ಪ ಉಳಿ ಹಾಕಿ ಜಾಲರಿ ತೆಗೆದುಕೊಂಡ. ಅಷ್ಟೂ ಹೊತ್ತು ಮೂಕಪ್ಪ ಒಂದು ಮಾತೂ ಆಡಲಿಲ್ಲ.

ಗೋಪಾಲಪ್ಪ ಬಾಗಿಲಲ್ಲಿ ನಿಂತಿದ್ದ. "ತಪ್ಪು ತಿಳ್ಕೋಬೇಡಿ ಕಣ್ರಪ್ಪ. ನೀವೆಲ್ಲ ಒಳ್ಳೇರೇ. ಆದ್ರೆ ಒಂಟಿ ಹೆಣ್ಮಗಳು. ನಾಳೆಯಿಂದ ವಾರವಾರ ಹಿತ್ಲಲ್ಲಿ ಗಂಡಸ್ರು ಕುಂತ್ರೆ ಊರೋರ ಬಾಯಿ ಸುಮ್ನಿರುತ್ತಾ?"

"ಖರೇರಿ," ಎಂದ ತಿಪ್ಪೇಸ್ವಾಮಿ. "ನಾವೂ ಅದನ್ನ ಮಾತಾಡ್ಕಂಡೀವ್ರಿ. ಅದಕ್ಕ ಎಲ್ಲಾ ತಂದು ಹಾಕಾಕತ್ತೀವಿ. ಗೋಡಿ ತುಂಬಿಸಿ ಬೀಗ ಹಾಕಿ, ಬೀಗದ ಕೈ ನಿಮ್ಮ ಕೈಗೆ ಕೊಡ್ತೀವ್ರಿ."

ಅವನ ಕೈಯಲ್ಲಿ ಹೊಸ ಬೀಗವಿತ್ತು.

"ಆ ಒಂದು ಐತಲ್ರಿ ಆದ್ರ," ಎಂದ ಸಣ್ಣಬಸಪ್ಪ, ವಾಚಿನ ಕಡೆ ಕೈ ತೋರಿ.

"ಸ್ಕ್ರೂಡ್ರೈವರ್ ಸಿಗ್ಲಿಲ್ವಲ್ಲಪ್ಪ. ವಾಚ್ ತಗೊಂಡು ಬೀಗ ಹಾಕಿ."

ಮೂವರೂ ಒಬ್ಬರನ್ನೊಬ್ಬರು ನೋಡಿದರು. ಯಾರೂ ವಾಚಿಗೆ ಕೈ ಹಾಕಲಿಲ್ಲ.

ಹೇಮಶ್ರೀ ಕಿಟಕಿಯ ಕಟ್ಟೆ ಹಿಡಿದು ನಿಂತಳು. ಮುಂದಿನ ಭಾನುವಾರ ಈ ಕಿಟಕಿಯಲ್ಲಿ ಏನು ಕೇಳುತ್ತದೆ ಎಂಬುದು ಅವಳಿಗೆ ಈಗ, ಇವತ್ತಿನ ದಿನದಲ್ಲಿ ಮೊದಲ ಸಲ, ಸ್ಪಷ್ಟವಾಗಿ ಗೊತ್ತಾಯಿತು. ಏನೂ ಕೇಳುವುದಿಲ್ಲ.

*

ಹಿಂದಿನ ದಿನ, ಶನಿವಾರ ಸಂಜೆ, ಅವಳು ಮೇಜಿನ ಮುಂದೆ ಕೂತು ಕಾಲೇಜಿನಲ್ಲಿ ಮಾಡಬೇಕಾದ ಪಾಠಕ್ಕೆ ಓದಿಕೊಳ್ಳುತ್ತಿದ್ದಳು. ಅನಂತಪುರದಲ್ಲಿ ಎಂ.ಎ. ಮುಗಿಸಿ ಮದುವೆಯಾಗಿ ಬಂದಾಗಿನಿಂದ ಅವಳ ಮೇಜು ಆ ಕಿಟಕಿಯ ಕೆಳಗೇ ಇತ್ತು. ಆಗಿನಿಂದಲೂ ಕಿಟಕಿಯ ರೆಕ್ಕೆ ಜೋತುಬಿದ್ದೇ ಇತ್ತು.

"ನಾಳೆ ಮತ್ತೆ ನಿಮ್ಮ ಸಂತಿ ಕೂಡತೈತಿ," ಎಂದಿದ್ದಳು ಹನುಮೇಶನಿಗೆ. "ಊರ ಮಂದಿ ಕಿಟಕಿ ಎಲ್ಲಾ ರಿಪೇರಿ ಮಾಡ್ತೀರಿ. ನಂದೊಂದು ಮುಚ್ಚಂಗ ಮಾಡಿಕೊಡ್ರಿ. ಒಂದು ಅಕ್ಷರ ಓದಾಕ ಆಗವಲ್ದು."

ಪ್ರತಿ ಸಲ ನಕ್ಕು ಸುಮ್ಮನಾಗುತ್ತಿದ್ದವನು ಅಂದು ಎದ್ದು ಹಿತ್ತಲಿಗೆ ಹೋದ. ದೊಡ್ಡ ಸ್ಕ್ರೂಡ್ರೈವರ್ ಹಿಡಿದು ಬಂದ. ಕೈಗೆ ವಾಚಿರಲಿಲ್ಲ. ಅವಳು ಅದನ್ನು ಗಮನಿಸಿರಲಿಲ್ಲ.

ರೆಕ್ಕೆಯನ್ನೆತ್ತಿ ಹಿಡಿಯಲು ಅವಳನ್ನೇ ಕರೆದ. ಮೇಲಿನ ಕೀಲು ಕೂರಿಸಿದ.

"ಮುಚ್ಚಿದ ಮ್ಯಾಲೆ ಮೂಕಪ್ಪನ ಮಾತು ಕೇಳಂಗಿಲ್ಲ ನೋಡು. ಆಮ್ಯಾಲೆ ಬೇಜಾರಂತ ಅನ್ನಬ್ಯಾಡ."

"ನನಗ್ಯಾಕ ಬೇಜಾರು?"

"ಕಳೆದ ವಾರ ಅಂವ ಕತ್ತೆ ಕತಿ ಹೇಳುವಾಗ ಒಳಗ ಒಬ್ಬರು ನಕ್ಕಿದ್ದು ಕೇಳಿತಪ್ಪ ನಮಗ."

ಅವಳು ಅವನ ಭುಜಕ್ಕೆ ಗುದ್ದಿದಳು. ಕೆಳಗಿನ ಕೀಲು ಉಳಿದಿತ್ತು. ಸ್ಕ್ರೂಡ್ರೈವರನ್ನು ಕಟ್ಟೆಯ ಮೇಲಿಟ್ಟು, "ಒಂದು ಲೋಟ ನೀರು ಕೊಡು, ಯಾಕೋ ಎದಿ ಹಿಡದಂಗ ಆತು," ಎಂದ. ಅವಳು ನೀರು ತರುವಷ್ಟರಲ್ಲಿ ಅವಳ ಕುರ್ಚಿಯಲ್ಲಿ ಕೂತಿದ್ದ, ಮೇಜಿಗೆ ತಲೆಯಿಟ್ಟು, ಓದುತ್ತ ನಿದ್ದೆ ಹೋದವರ ಹಾಗೆ.

*

ಹೇಮಶ್ರೀ ಪುಸ್ತಕಗಳ ಹಿಂದೆ ಕೈ ಹಾಕಿದಳು. ಆಮೇಲೆ ಬಚ್ಚಲಿಗೆ ಹೋಗಿ ಕೈಗೆ ಸೋಪು ಹಚ್ಚಿಕೊಂಡು, ಹೆಬ್ಬೆರಳನ್ನು ಒಳಕ್ಕೆ ಮಡಚಿ, ನಿಧಾನವಾಗಿ ಒಂದು ಬಳೆ ಜಾರಿಸಿದಳು. ಒಡೆಯಲಿಲ್ಲ.

"ಎಲ್ಲಿಗವ್ವ? ಈಗ ಹೊರಗ ಹೋಗಬಾರದು," ಎಂದಳು ಎರ್ರಮ್ಮ.

"ಹಿತ್ತಲಕ್ಕಷ್ಟ ಹೋಗಿಬರ್ತೀನವ್ವ."

ಅವಳು ಬಂದದ್ದು ಕಂಡು ಗಂಡಸರು ದೂರ ಸರಿದರು. ತಿಪ್ಪೇಸ್ವಾಮಿ ಬೀಗವನ್ನು ಬೆನ್ನ ಹಿಂದೆ ಹಿಡಿದ, ಕದ್ದ ವಸ್ತುವಿನ ಹಾಗೆ. ಹೇಮಶ್ರೀ ಹೊಸ್ತಿಲು ದಾಟಿ ಶೆಡ್ಡಿನೊಳಕ್ಕೆ ಹೋದಳು. ಮರದ ಹೊಟ್ಟಿನ ವಾಸನೆ ಬಂತು. ಅವನ ಅಂಗಿಗಳಿಗೆ ಇದ್ದ ವಾಸನೆಯೇ. ಒಂದು ಕ್ಷಣ ನಿಂತು, ಮುಂದೆ ನಡೆದಳು.

ಅವಳ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಎಲ್ಲರಿಗೂ ಕಂಡಿತು.

"ಸಿಕ್ತಾ ತಾಯಿ?" ಎಂದ ಗೋಪಾಲಪ್ಪ. "ಒಳ್ಳೇದಾಯ್ತು. ಹಾಕ್ಬುಡು ಅಲ್ಲಿ."

ಅವಳು ಮೊಳೆಯಿಂದ ವಾಚು ಇಳಿಸಿದಳು. ಅದು ಇನ್ನೂ ನಡೆಯುತ್ತಿತ್ತು. ಅದನ್ನು ಗೋಪಾಲಪ್ಪನ ಕೈಯಲ್ಲಿಟ್ಟಳು.

"ಇದು ನೀವು ಕೊಡಿಸಿದ್ದಲ್ಲೇನ್ರಿ ಭಾವಾರ? ನೀವ ಕಟ್ಕೊಳ್ರಿ."

ಮತ್ತೆ ಗೋಡೆಗೆ ತಿರುಗಿ, ಆ ಬಳೆಯನ್ನು ಮೊಳೆಗೆ ಹಾಕಿದಳು. ಸ್ಕ್ರೂಡ್ರೈವರನ್ನು ಸೆರಗಿನೊಳಗೆ ಹಿಡಿದುಕೊಂಡಳು.

"ಇದೇನಮ್ಮ?" ಎಂದ ಗೋಪಾಲಪ್ಪ.

"ಕಿಟಕಿ ಕೆಲಸ ಅರ್ಧ ಐತ್ರಿ. ಮುಗಿದ ಮ್ಯಾಲೆ ತಂದು ಹಾಕ್ತೀನಿ."

"ಯಾವಾಗ ಮುಗೀತದೆ?"

"ಗೊತ್ತಿಲ್ರಿ."

ಗೋಪಾಲಪ್ಪ ಅವಳ ಮುಖ ನೋಡಿದ, ಗೋಡೆ ನೋಡಿದ. ಕೈಯಲ್ಲಿದ್ದ ವಾಚಿನ ಕಡೆ ಕಣ್ಣು ಹೋಗಿ, ಅದನ್ನು ಕಟ್ಟಿಕೊಳ್ಳತೊಡಗಿದ. ಪಟ್ಟಿ ಅವನ ಮಣಿಕಟ್ಟಿಗೆ ಬಿಗಿಯಾಗಿತ್ತು. ಸಣ್ಣಬಸಪ್ಪ ಮುಂದೆ ಬಂದು ಕೊಂಡಿ ಹಾಕಿಕೊಟ್ಟ.

"ಎರ್ರಮ್ಮಾರೂ ಬಂದು ಕುಂತಗಳ್ಳಿ ಬಿಡ್ರಿ ಭಾನುವಾರ," ಎಂದ ಮೂಕಪ್ಪ, ಬಹಳ ಹೊತ್ತಿನ ಮೇಲೆ. "ಆಯಮ್ಮ ಕುಂತಲ್ಲಿ ಊರು ಬಾಯಿ ಬಿಡಂಗಿಲ್ರಿ ಅಣ್ಣಾರ. ಆಯಮ್ಮ ಬಿಟ್ಟರ ತಾನ ಊರು ಬಿಡೋದು."

ಒಳಗಿನಿಂದ ಎರ್ರಮ್ಮನ ದನಿ ಬಂತು. "ಏನಲೇ ಅಂದಿ?"

ಕಿಟಕಿ ತೆರೆದೇ ಇತ್ತಲ್ಲ.

ತಿಪ್ಪೇಸ್ವಾಮಿ ಬೀಗವನ್ನು ಜೇಬಿಗೆ ಹಾಕಿಕೊಂಡ. ಹೇಮಶ್ರೀ ಮನೆಯೊಳಕ್ಕೆ ಹೋದಳು. ಗಂಡಸರು ಒಬ್ಬೊಬ್ಬರಾಗಿ ಪೆಂಡಾಲಿನ ಕಡೆ ನಡೆದರು. ಬೆಟ್ಟದ ಕಡೆಯಿಂದ ಬೀಸಿದ ಸಂಜೆಯ ಗಾಳಿಗೆ ಶೆಡ್ಡಿನ ಬಾಗಿಲು ತಾನಾಗಿ ತೆರೆದುಕೊಂಡಿತು. ಗೋಡೆಯ ಮೇಲೆ, ಸ್ಕ್ರೂಡ್ರೈವರಿನ ಉದ್ದನೆಯ ನೀಲಿ ಗೆರೆಗಳ ನಡುವೆ, ಒಂದು ಹಸಿರು ಬಳೆ ತೂಗುತ್ತಿತ್ತು.