ಕೋನಪ್ಪನ ಬಲಗಣ್ಣು

“ಮೊಖ ತೆಗಿಯಪ್ಪ ಅಂದ್ರೆ ಹೊಲ ಉತ್ತಿಟ್ಟಿದೀಯಲ್ಲ ಕೋನಪ್ಪ,” ಎಂದು ಗಂಗುಲಮ್ಮ ಫೋಟೊವನ್ನು ಸ್ಟುಡಿಯೊದ ಮೇಜಿನ ಮೇಲೆ ಕುಕ್ಕಿದಳು. “ನಂಗೇನು ನೂರು ವರ್ಸ ಆಗೈತಾ?”

ತಾನು ಸತ್ತ ಮೇಲೆ ಮೊಮ್ಮಕ್ಕಳು ಆಧಾರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿ ಗೋಡೆಗೆ ಹಾಕಿಬಿಟ್ಟಾರೆಂಬ ಭಯಕ್ಕೆ, ಗಟ್ಟಿಯಾಗಿರುವಾಗಲೇ ಒಳ್ಳೆಯದೊಂದನ್ನು ತೆಗೆಸಿಡಲು ಬಂದಿದ್ದ ಮುದುಕಿ ಅವಳು. ಅವಳ ದೂರಿನಲ್ಲಿ ಸುಳ್ಳಿರಲಿಲ್ಲ. ಚಿತ್ರದಲ್ಲಿ ಒಂದೊಂದು ಸುಕ್ಕೂ ಮಸಿಯಲ್ಲಿ ಗೀಚಿದಂತೆ ಎದ್ದಿತ್ತು, ಕೂದಲಿನ ಅಂಚಿಗೆ ಬಿಳಿ ದಾರ ಹೊಲಿದಂತಿತ್ತು. ಚಿಂತಾಮಣಿಯಲ್ಲಿ ಮೂವತ್ತು ವರ್ಷ ಮದುವೆ, ನಾಮಕರಣದ ಫೋಟೊ ತೆಗೆದ ಕೋನಪ್ಪನಿಗೆ ಈ ತಿಂಗಳಲ್ಲಿ ಇದು ನಾಲ್ಕನೆಯ ದೂರು.

ಕಂಪ್ಯೂಟರಿನ ಮುಂದಿದ್ದ ಮಗಳು ಗೌತಮಿ ಎದ್ದು ಬಂದು ಕ್ಯಾಮೆರಾದ ಮೆನು ತೆರೆದಳು. “ಅಪ್ಪ, ಶಾರ್ಪ್‌ನೆಸ್ ಏಳಕ್ಕೆ ಯಾಕಿಟ್ಟಿದೀಯ? ಯಾವಾಗ್ಲೂ ಮೂರಕ್ಕೆ ತಾನೆ ಇಡೋದು? ಇಷ್ಟು ಏರಿಸಿದ್ರೆ ಇಲ್ಲದ ಗೆರೇನೂ ಕ್ಯಾಮೆರಾನೇ ಎಳೆದುಬಿಡ್ತದೆ.”

ಕೋನಪ್ಪ ಮೇಜಿನ ಮೇಲಿದ್ದ ಫೋಟೊವನ್ನು ಮಗುಚಿ ಹಾಕಿದ. ಒಂದು ತಿಂಗಳಿಂದ ಕ್ಯಾಮೆರಾಕ್ಕೆ ಕಣ್ಣಿಟ್ಟರೆ ಎದುರಿಗಿದ್ದವರೆಲ್ಲ ಮಂಜಿನೊಳಗೆ ನಿಂತಂತೆ ಕಾಣುತ್ತಿದ್ದರು. ಇದೇ ಸ್ಟುಡಿಯೊ ನಡೆಸುತ್ತಿದ್ದ ಅವನ ಅಪ್ಪನಿಗೂ ಬಲಗಣ್ಣಿನಿಂದಲೇ ಮಂಜು ಶುರುವಾಗಿ, ಎರಡು ವರ್ಷದೊಳಗೆ ಎರಡೂ ಕಣ್ಣು ಹೋಗಿದ್ದವು. ಎಡಗಣ್ಣು ಮುಚ್ಚಿಕೊಂಡು ಬಲಗಣ್ಣಿನಲ್ಲಿ ಬೀದಿಯನ್ನೊಮ್ಮೆ ನೋಡಿದ್ದರೆ ಸತ್ಯ ಗೊತ್ತಾಗುತ್ತಿತ್ತು. ಆ ಧೈರ್ಯವೇ ಅವನಿಗೆ ಬರಲಿಲ್ಲ. ಆಸ್ಪತ್ರೆಗೆ ಹೋಗದೆ, ಮನೆಯಲ್ಲೂ ಹೇಳದೆ, ತನ್ನ ಕಣ್ಣಿನ ಕೊರತೆಯನ್ನು ಕ್ಯಾಮೆರಾ ತುಂಬಿಕೊಡಲಿ ಎಂದು ಶಾರ್ಪ್‌ನೆಸ್ ಏರಿಸುತ್ತಾ ಹೋಗಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ.

“ಏನಾಯ್ತು ಹೇಳಪ್ಪ,” ಎಂದಳು ಗೌತಮಿ.

“ಬಲಗಣ್ಣು ಹೋಗ್ತಾ ಐತೆ ಕಣಮ್ಮ. ನಿಮ್ಮ ತಾತಂಗೆ ಆದಂಗೇ. ಇದರಾಗೆ ನೋಡಿದ್ರೆ ಎಲ್ಲಾ ಮಂಜು.”

ಗೌತಮಿ ಕ್ಯಾಮೆರಾ ಎತ್ತಿ ಗಂಗುಲಮ್ಮನ ಕಡೆ ಹಿಡಿದು ಕಣ್ಣಿಟ್ಟಳು. “ನಂಗೂ ಮಂಜೇ ಕಾಣ್ತಾ ಐತಲ್ಲಪ್ಪ.”

ಮಗಳಿಗೂ ಬಂತೇ ಎಂದು ಕೋನಪ್ಪ ಕ್ಯಾಮೆರಾ ಕಸಿದುಕೊಳ್ಳಲು ಕೈ ಚಾಚಿದ. ಅಷ್ಟರಲ್ಲಿ ಅವಳು ಕಣ್ಣಿಡುವ ಕಿಂಡಿಯ ಪಕ್ಕವನ್ನು ಬೆರಳಿನಿಂದ ತಡಕಿದಳು. ಅಲ್ಲಿ ಕಡಲೆಬೇಳೆಯಷ್ಟು ಚಿಕ್ಕ ಚಕ್ರವಿತ್ತು, ನೋಡುವವರ ಕಣ್ಣಿಗೆ ಕಿಂಡಿಯನ್ನು ಹೊಂದಿಸಿಕೊಳ್ಳುವುದಕ್ಕೆ. ಅದು ತುದಿಯವರೆಗೂ ತಿರುಗಿಹೋಗಿತ್ತು.

“ಕ್ಯಾಮೆರಾದ ಹೊಸ ಬ್ಯಾಗು ಬಿಗಿ ಅಂತಿದ್ಯಲ್ಲ, ಅದು ಉಜ್ಜಿ ಉಜ್ಜಿ ಈ ಚಕ್ರ ತಿರುಗೈತೆ. ಇದು ಬರೀ ನೋಡೋರಿಗೆ ಕಣಪ್ಪ, ಫೋಟೊ ಚೆನ್ನಾಗೇ ಬರ್ತಿತ್ತು. ಕೆಡಿಸಿದ್ದು ನೀನಿಟ್ಟ ಏಳು.”

ಆ ಚಕ್ರ ಕೋನಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಭಯ ಹೊಕ್ಕ ತಲೆಯಲ್ಲಿ ಅದಕ್ಕೆ ಜಾಗವಿರಲಿಲ್ಲ, ಅಷ್ಟೆ. ಅವನು ಬಾಗಿಲಿಗೆ ಹೋಗಿ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡ. ಎದುರಿನ ಬೀಜದಂಗಡಿಯ ಬೋರ್ಡು ಓದಿದ. ಅದರ ಕೆಳಗಿನ ಫೋನ್ ನಂಬರನ್ನು ಒಂದಂಕಿ ಬಿಡದೆ ಗಟ್ಟಿಯಾಗಿ ಓದಿದ. ಹೋದ ಜೀವ ಬಂದಂತಾಯಿತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ನಂಬರನ್ನು ಇನ್ನೊಮ್ಮೆ ಓದಿದ.

“ನಿಮ್ಮ ಪುರಾಣ ಮುಗೀತಾ?” ಎಂದಳು ಗಂಗುಲಮ್ಮ. “ನನ್ನ ಮೊಖದ ಗತಿ ಏನು?”

“ಕೂತ್ಕ ದೊಡ್ಡಮ್ಮ. ಹೊಸದಾಗಿ ತೆಗೀತೀನಿ.”

ಗೌತಮಿ ಶಾರ್ಪ್‌ನೆಸ್ಸನ್ನು ಮೂರಕ್ಕೆ ಇಳಿಸಿ, ಚಕ್ರ ತಿರುಗಿಸಿ, ಕ್ಯಾಮೆರಾ ಕೊಟ್ಟಳು. ಕೋನಪ್ಪ ಬಲಗಣ್ಣನ್ನು ಕಿಂಡಿಗಿಟ್ಟು ಬಹಳ ಹೊತ್ತು ಹಾಗೇ ನಿಂತ.

“ದೊಡ್ಡಮ್ಮ, ತುಟಿ ಮ್ಯಾಲೆ ವೀಳ್ಯದೆಲೆ ಚೂರು ಅಂಟೈತೆ. ಒರೆಸ್ಕ.”

ಗಂಗುಲಮ್ಮ ಸೆರಗಿನಿಂದ ಒರೆಸಿಕೊಂಡಳು. “ಹೋಯ್ತಾ?”

“ಇನ್ನೂ ಒಂದು ಸಾಸಿವೆಯಷ್ಟೈತೆ,” ಎಂದ ಕೋನಪ್ಪ. “ಆ ಕಡೆ.”